ನೀರು ಕುಡಿದ ಮೂರು ಕಾಂಕ್ರೀಟ್ ತುಂಡುಗಳು

ಫಕ್ಕೀರಪ್ಪನ ಕೈಗೆ ಇಪ್ಪತ್ತೆಂಟು ವರ್ಷದ ರೂಢಿ... ಕಾಂಕ್ರೀಟ್ ಕಂಡರೆ ನೀರಿಗಿಳಿಸುವುದು.

ಗದಗದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅವನು ಅಟೆಂಡರ್. "ಸಿಮೆಂಟು ಕೂಸಿದ್ದಂಗ, ನೀರು ಕುಡಿಸಿದಷ್ಟೂ ಗಟ್ಟಿ" ಎಂದು ಹೊಸ ಹುಡುಗರಿಗೆಲ್ಲ ಹೇಳುತ್ತಿದ್ದ.

ಹೆಂಡತಿ ನೀಲವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಮಣ್ಣಿಗೆ ಬಂದವರು "ನೀನೇ ಅತ್ತರ ಹೆಣ್ಮಕ್ಕಳನ್ನ ಯಾರು ಹಿಡೀಬೇಕು" ಅಂದಿದ್ದರು.

ಅವನು ಅಳಲಿಲ್ಲ. "ಫಕ್ಕೀರಪ್ಪ ಭಾಳ ಗಟ್ಟಿ" ಎಂದರು ಎಲ್ಲರೂ.

ಅವನಿಗೆ ಮಾತ್ರ ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟುವುದೂ ದೊಡ್ಡ ಕೆಲಸ ಅನ್ನಿಸುತ್ತಿತ್ತು...

ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದ ವಿದ್ಯಾವತಿ ಆರು ಕಾಂಕ್ರೀಟ್ ತುಂಡುಗಳನ್ನು ಓವನ್ನಿನಲ್ಲಿ ಒಂದು ತಿಂಗಳು ಒಣಗಿಸಿದ್ದಳು. ಶನಿವಾರ "ಕಾಕಾ, ಇವನ್ನ ಕಪಾಟಿನ್ಯಾಗ ಇಟ್ಟುಬಿಡ್ರಿ" ಎಂದು ಹೇಳಿ ಊರಿಗೆ ಹೋದಳು.

ಸೋಮವಾರ ಫಕ್ಕೀರಪ್ಪ ಬಂದು ನೋಡಿದರೆ... ಮೂರು ಕಪಾಟಿನಲ್ಲಿ, ಮೂರು ನೀರಿನ ತೊಟ್ಟಿಯಲ್ಲಿ. ಮನಸ್ಸು ಎಲ್ಲೋ ಇದ್ದಾಗ ಕೈ ತನ್ನ ರೂಢಿಯ ಕೆಲಸ ಮಾಡಿಬಿಟ್ಟಿತ್ತು.

ಹೇಳಬೇಕಿತ್ತು. ಆದರೆ ಬೈಸಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ... ಹೆಗಲ ಮೇಲಿನ ಅರಿವೆಯಿಂದ ಮೂರನ್ನೂ ಒರೆಸಿ, ಸುಮ್ಮನೆ ಕಪಾಟಿನಲ್ಲಿಟ್ಟ.

ಪರೀಕ್ಷೆ ಶುರುವಾಯಿತು. ತುಂಡಿಗೆ ರಬ್ಬರಿನ ಕವಚ ತೊಡಿಸಿ, ಸುತ್ತಲೂ ಎಣ್ಣೆಯಿಂದ ಒತ್ತಿ ಹಿಡಿದು, ಮೇಲಿನಿಂದ ಅಮುಕುವ ಯಂತ್ರ ಅದು.

ಮೊದಲ ಮೂರು ತುಂಡುಗಳು ಸುತ್ತ ಒತ್ತಿದಷ್ಟೂ ಹೆಚ್ಚು ಭಾರ ಹೊತ್ತವು. ನಾಲ್ಕನೆಯದು ಹೊರಲಿಲ್ಲ. ಐದನೆಯದೂ ಅಷ್ಟೇ...

ವಿದ್ಯಾವತಿ ತಲೆ ಹಿಡಿದು ಕೂತಳು. "ನಾ ಮಿಕ್ಸ್ ಹಾಕಿದ್ದೇ ತಪ್ಪಾಗೇತಿ ಕಾಕಾ. ಎರಡು ವರ್ಷದ ಕೆಲಸ... ಗುರುವಾರ ಗೈಡ್ ಮುಂದ ಏನಂತ ಇಡ್ಲಿ? ಎಲ್ಲಾ ಬಿಟ್ಟು ಊರಿಗೆ ಹೊಕ್ಕೀನಿ."

ಫಕ್ಕೀರಪ್ಪನಿಗೆ ತಡೆಯಲಾಗಲಿಲ್ಲ. "ತಪ್ಪು ನಿಮ್ದಲ್ರೀ ಮೇಡಮ್. ಆ ಮೂರು ತೊಟ್ಟಿಗೆ ಬಿದ್ದಿದ್ವು. ಹಾಕಿದಾಂವ ನಾನೇ... ಮುಚ್ಚಿಟ್ಟಾಂವನೂ ನಾನೇ."

ಅವಳು ಐದನೆಯ ತುಂಡನ್ನು ಕೈಗೆತ್ತಿಕೊಂಡಳು. "ಒಂದು ತಿಂಗಳು ಒಣಗಿಸಿದ್ದೆ ಕಾಕಾ," ಎಂದಳು.

"ಹೌದ್ರೀ..." ಅವನೇ ಮತ್ತೆ ಕೇಳಿದ, "ನೀರು ಕುಡಿದ್ರ ಗಟ್ಟಿ ಆಗತೈತಿ ಅಂತ ಇಷ್ಟು ವರ್ಷ ಹೇಳ್ಕೋತ ಬಂದೆ. ಇವ್ಯಾಕ ಸೋತ್ವು?"

"ಎಳೇದಿದ್ದಾಗ ನೀರು ಬೇಕೇ ಬೇಕು. ಬಲಿತ ಮ್ಯಾಲೆ ಸುತ್ತ ಒತ್ತಿದ್ರ, ಒಣಗಿದ್ದರೊಳಗಿನ ಸಣ್ಣ ತೂತು ಮುಚ್ಚಿ ಅದು ಇನ್ನೂ ಬಿಗಿ ಆಗತೈತಿ. ಇವುಗಳೊಳಗ ನೀರು ತುಂಬೈತಿ... ಹೊರಗ ಹೋಗಾಕ ದಾರಿ ಇಲ್ಲ. ಹೊರಗಿಂದ ನಾವು ಒತ್ತಿದಂಗ, ಒಳಗಿಂದ ನೀರೂ ಒತ್ತತೈತಿ."

"ಮ್ಯಾಲೆ ನೋಡಿದ್ರ ಒಣಗಿದಂಗೇ ಕಾಣ್ತಾವಲ್ರೀ."

"ನೀವು ಅಷ್ಟು ಚಂದ ಒರೆಸೀರಲ್ಲ," ಎಂದಳು ವಿದ್ಯಾವತಿ. ಮಾತಿನಲ್ಲಿ ಸಿಟ್ಟು ಇನ್ನೂ ಇತ್ತು.

ಫಕ್ಕೀರಪ್ಪ ಸ್ಟೂಲಿನ ಮೇಲೆ ಮೆಲ್ಲಗೆ ಕೂತ.

"ಮೂರು ತಿಂಗಳಾತ್ರೀ ಮೇಡಮ್... ನಾನೂ ಹಿಂಗ ಮ್ಯಾಲಷ್ಟ ಒರೆಸ್ಕೋಳಾಕತ್ತು."

ತುಂಡು ಒರೆಸಿದ ಅದೇ ಅರಿವೆಯನ್ನು ಮುಖಕ್ಕೊತ್ತಿಕೊಂಡ. ಹೆಗಲು ಅಲುಗತೊಡಗಿದವು...

ವಿದ್ಯಾವತಿ ಸಮಾಧಾನ ಮಾಡಲು ಹೋಗಲಿಲ್ಲ. ಯಂತ್ರ ಆಫ್ ಮಾಡಿ, ಗೈಡಿಗೆ ಫೋನ್ ಹಚ್ಚಿ ಇನ್ನೊಂದು ತಿಂಗಳು ಕೇಳಿಕೊಂಡಳು. ಆಮೇಲೆ ಬಂದು ಅವನ ಪಕ್ಕದಲ್ಲಿ ಕೂತಳು.

"ಒಣಗಾಕ ವ್ಯಾಳೆ ಬೇಕು ಕಾಕಾ. ಅವಸರ ಏನಿಲ್ಲ."

ಒಳಗೆ ನಿಂತ ನೀರಿಗೆ ಮೊದಲು ದಾರಿ ಕೊಡಿ... ಹೊರಗಿನ ಒತ್ತಡವನ್ನು ಆಮೇಲೆ ತಾಳಿಕೊಳ್ಳಬಹುದು.

"ಅವರು ಭಾಳ ಗಟ್ಟಿ" ಎಂದುಕೊಂಡು, ನೀವು ಒಮ್ಮೆಯೂ ಪಕ್ಕದಲ್ಲಿ ಕೂತು ಮಾತಾಡಿಸದೆ ಬಿಟ್ಟಿರುವುದು ಯಾರನ್ನು?