ಅರ್ಧಕ್ಕೆ ಮುಗಿಸುವವರು

ಉಮಾಶ್ರೀ ಬಾಳೆಲೆಯ ಮೇಲೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಗಂಡ ಮುತ್ತುರಾಜ ಕರೆತಂದಿದ್ದ ಸಾಲ ಇತ್ಯರ್ಥದ ಏಜೆಂಟು ಎರಡನೆಯ ರೊಟ್ಟಿಗೂ ಬೆಣ್ಣೆ ಹಾಕಿಸಿಕೊಂಡು ಹೇಳಿದ: "ನಿಮ್ಮ ನರ್ಸಿಂಗ್ ಓದಿನ ಲೋನ್‌ಗೆ ಆರು ತಿಂಗಳು ಕಂತೇ ಕಟ್ಬೇಡಿ ಮೇಡಂ. ಬ್ಯಾಂಕ್‌ನವ್ರೇ ಸೋತು ಅರ್ಧಕ್ಕೆ ಮುಗಿಸ್ತಾರೆ. ನಮ್ಮ ಫೀಸು ಮಾತ್ರ ಮೊದ್ಲೇ ಕೊಡ್ಬೇಕು."

"ಅಲ್ಲೀವರೆಗೂ ಅವ್ರು ಫೋನ್ ಮಾಡಲ್ವಾ?"

"ನೀವು ನಂಬರ್ ಚೇಂಜ್ ಮಾಡ್ಬಿಡಿ. ಆಮೇಲೆ ಜೊತೆಗೆ ಸೈನ್ ಹಾಕಿರೋರಿಗೆ ಮಾಡ್ತಾರೆ. ನಿಮ್ಮ ತಂದೆ ಅಲ್ವಾ?"

"ಮಾವ ಹೆಂಗೂ ರಿಟೈರ್ ಆಗಿದಾರೆ, ಟೈಂಪಾಸ್ ಆಗುತ್ತೆ ಬಿಡಿ ಗುರು," ಮುತ್ತುರಾಜ ನಕ್ಕ. "ಕಟ್ಟದೆ ಉಳಿಯೋ ದುಡ್ಡಲ್ಲಿ ನನ್ನ ಬೈಕಿನ ಕಂತು ಹೋಗುತ್ತೆ."

ಹಾಲಿನವನಿಗೆ ಒಂದು ದಿನದ ಬಾಕಿಯಾದರೂ ಮುಖ ತೋರಿಸಲು ನಾಚಿ ಬೀದಿ ಬದಲಿಸಿ ನಡೆಯುವವರು ಅಪ್ಪ. ಗಂಡನ ತುಟಿಯಂಚಿಗೆ ಮೆತ್ತಿದ್ದ ಬೆಣ್ಣೆಯನ್ನು ಉಮಾಶ್ರೀ ನೋಡಿದಳು. ಮೂರು ವರ್ಷ ಇವನ ಹೊಣೆಗೇಡಿತನವನ್ನು ಮುಗ್ಧತೆ ಎಂದುಕೊಂಡಿದ್ದ ತನ್ನ ಬಗ್ಗೆಯೂ ಹೇಸಿಗೆಯಾಯಿತು.

"ಯೋಚನೆ ಮಾಡಿ ಹೇಳ್ತೀನಿ," ಎಂದಳು.

ಯೋಚನೆ ಆಗಲೇ ಮುಗಿದಿತ್ತು. ನಾಳೆ ಡ್ಯೂಟಿಗೆ ಹೋಗುವಾಗ ಜಯನಗರದಲ್ಲಿ ಇಳಿದು, ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಬ್ಯಾಂಕಿಗೆ ತಾನೇ ಅರ್ಜಿ ಕೊಡುವುದು. ಈ ತಿಂಗಳಿಂದ ಸಂಬಳ ಜಂಟಿ ಖಾತೆಗಲ್ಲ, ತನ್ನೊಬ್ಬಳ ಖಾತೆಗೆ. ಇದನ್ನು ಮುತ್ತುರಾಜನಿಗೆ ಹೇಳಬೇಕೆಂದು ಅವಳಿಗೆ ಅನಿಸಲೇ ಇಲ್ಲ.