ಹೊಟ್ಟೆಯೊಳಗಿನ ಒಕ್ಕಲು

"ಇನ್ನೊಂಚೂರು ಅಗಲಿಸಿ ಹಿಡಿಯಕ್ಕ," ಎಂದ ಲೆಸ್ಟರ್. ಎನಿಡ್ ಸತ್ತ ಕಾಂಗರೂವಿನ ಹಿಂಗಾಲುಗಳನ್ನು ಎಳೆದು ಹಿಡಿದಳು. ಬೆಳಿಗ್ಗೆ ರಸ್ತೆಯಲ್ಲಿ ಅವನ ಗಾಡಿಗೆ ಅಡ್ಡ ಬಂದ ಹೆಣ್ಣು ಅದು. ಬೇಟೆಗಾರ ಲೆಸ್ಟರ್ ಏನು ಸಿಕ್ಕಿದರೂ ಅವಳ ಕುರಿದೊಡ್ಡಿಯ ಹಿಂದೆ ತಂದು ಸೀಳುತ್ತಿದ್ದ. ಅವಳ ನಾಯಿಗಳಿಗೆ ಒಂದು ಪಾಲು ಬಿಟ್ಟು ಪಟ್ಟಣಕ್ಕೆ ಹೋಗುತ್ತಿದ್ದ.

"ಮಾವಿಸ್‌ಗೆ ಬರೆದ್ಯಾ?" ಚಾಕು ಆಡಿಸುತ್ತಲೇ ಕೇಳಿದ.

"ಏನಂತ ಬರೀಲಿ?"

ಮಾವಿಸ್ ಎನಿಡಳ ನಾದಿನಿ, ತೀರಿಹೋದ ಗಂಡನ ತಂಗಿ. ಕಟ್ಟಿಕೊಂಡವನು ಬಿಟ್ಟುಹೋದ ಮೇಲೆ ಮಕ್ಕಳೊಂದಿಗೆ ದೂರದ ಟೂವೂಂಬಾ ಪಟ್ಟಣದಲ್ಲಿ ಯಾರದೋ ಗ್ಯಾರೇಜಿನಲ್ಲಿ ಮಲಗುತ್ತಿದ್ದಳು. ನಿನ್ನ ಹಿಂದಿನ ಕೋಣೆ ಕೊಡ್ತೀಯಾ ಎಂದು ಉಣ್ಣೆ ಕತ್ತರಿಸುವ ಕಾಲದಲ್ಲಿ ಬರೆದಿದ್ದಳು. ಈಗ ತಿಂಗಳುಗಳೇ ಕಳೆದು ಕುರಿಗಳು ಮರಿ ಹಾಕಿದ್ದೂ ಆಗಿತ್ತು. ಎನಿಡ್ ಬಾ ಎಂದೂ ಬರೆದಿರಲಿಲ್ಲ, ಬೇಡ ಎಂದೂ ಬರೆದಿರಲಿಲ್ಲ.

"ಕುರಿ ಸಾಕೋಳು ನಾನು," ಎಂದಳು. "ಹೊಟ್ಟೆಗೆ ಹುಳ ಸೇರಿದ ಕುರಿ ಏನಾಗುತ್ತೆ ಅಂತ ಗೊತ್ತು. ಒಸಡು ಬಿಳಿಚಿ, ಗದ್ದ ಊದಿ, ನಿಂತಲ್ಲೇ ಕುಸಿಯುತ್ತೆ. ಮನೇನೂ ಅಷ್ಟೇ ಕಣೋ. ಒಂದೇ ಸಲಕ್ಕೆ ಅಷ್ಟು ಬಾಯಿ ಒಳಗೆ ಬಂದ್ರೆ..."

"ಸರಿಹೋಯ್ತು. ನಾದಿನೀನ ಹುಳ ಮಾಡಿಬಿಟ್ಯಾ? ಹಾಗಾದ್ರೆ ಬಂದ ದಿನಾನೇ ಮದ್ದು ಕುಡಿಸಿಬಿಡು," ಎನ್ನುತ್ತ ಲೆಸ್ಟರ್ ಜಠರವನ್ನು ಹೊರಗೆಳೆದು ಉದ್ದಕ್ಕೆ ಗೀರಿದ.

ಎನಿಡ್ ಹಿಡಿದಿದ್ದ ಕಾಲು ಬಿಟ್ಟಳು. ಅರೆದ ಹಸಿರು ಹುಲ್ಲಿನ ತುಂಬ ಹುಳುಗಳು. ಕೆಲವು ಬೆಂದ ಶಾವಿಗೆಯಷ್ಟು ದಪ್ಪ, ಕೆಲವು ನೂಲಿನೆಳೆಗಿಂತ ಸಣ್ಣ. ಎಸರಿನಲ್ಲಿ ಅಕ್ಕಿ ಹೊರಳುವಂತೆ ಇಡೀ ರಾಶಿ ಹೊರಳುತ್ತಿತ್ತು.

"ಅಯ್ಯೋ ಪಾಪ. ಇದು ಹೇಗೂ ಸಾಯೋದೇ ಇತ್ತು ಬಿಡು."

"ಸತ್ತಿದ್ದು ನನ್ನ ಗಾಡಿಯಿಂದ ಕಣಕ್ಕ, ಹುಳದಿಂದಲ್ಲ. ಹುಳ ಇಲ್ಲದ ಕಾಂಗರೂನ ನಾನಂತೂ ಇವತ್ತಿನವರೆಗೂ ಸೀಳಿಲ್ಲ. ಇಲ್ನೋಡು, ಎಷ್ಟು ಪುಷ್ಟಿಯಾಗಿತ್ತು." ಅವನು ಚಾಕುವಿನ ತುದಿಯಿಂದ ಮೂತ್ರಪಿಂಡವನ್ನು ಎತ್ತಿ ತೋರಿಸಿದ. ಅದರ ಸುತ್ತ ಬೆಣ್ಣೆ ಮೆತ್ತಿದಂತೆ ಬಿಳಿಯ ಕೊಬ್ಬು. ಆಮೇಲೆ ಮರಿ ಹೊರುವ ಹೊಟ್ಟೆಚೀಲವನ್ನು ಬಿಡಿಸಿ ಬೆರಳಿನಷ್ಟು ಉದ್ದದ ಮೊಲೆಯನ್ನು ಒತ್ತಿದ. ಹಾಲು ಒಸರಿತು. "ಮರಿ ಹುಲ್ಲು ಮೇಯೋಷ್ಟು ದೊಡ್ಡದಾಗಿದೆ, ಗುಂಪಿನ ಜೊತೆ ಹೋಯ್ತು. ಆದ್ರೂ ಇವಳು ಕುಡಿಸ್ತಾನೇ ಇದ್ಲು."

ಎನಿಡ್ ನೆಲಕ್ಕೆ ಮಂಡಿಯೂರಿದಳು. ಅಸಹ್ಯಪಡುವುದು ಅವಳಿಗೆ ಮರೆತೇಹೋಯಿತು. ದಪ್ಪನೆಯವು ಹುಲ್ಲಿನ ನಡುವೆ, ಸಣ್ಣವು ಜಠರದ ಗೋಡೆಯ ಮಡಿಕೆಗಳಲ್ಲಿ, ಬೀದಿ ಬೀದಿಯಾಗಿ ಹಂಚಿಕೊಂಡಂತೆ ಇದ್ದವು. ಒಂದು ಊರೇ ಒಳಗೆ ಒಕ್ಕಲಿತ್ತು. ದಿನಾ ಸಂಜೆ ಇಂಥ ಕಾಂಗರೂಗಳೇ ಅವಳ ಬೇಲಿಯನ್ನು ಕಾಲು ತಾಗಿಸದೆ ಹಾರಿ ಹೋಗುತ್ತಿದ್ದವು. ಒಂದೊಂದೂ ಒಂದೊಂದು ಊರನ್ನು ಹೊತ್ತುಕೊಂಡು, ಮರಿಗೆ ಹಾಲೂ ಉಳಿಸಿಕೊಂಡು.

"ಭಾರ ಅನ್ನಿಸಲ್ವೇನೋ ಇದಕ್ಕೆ?" ಅವಳ ದನಿ ತಗ್ಗಿತ್ತು.

"ಯಾರು ಕೇಳಿದಾರೆ? ಹಾರೋದು ನೋಡಿದೀಯಲ್ಲ."

ಅವಳು ಎದ್ದು ಮನೆಯೊಳಗೆ ಹೋದಳು. ಲೆಸ್ಟರ್ ನಾಯಿಗಳ ಪಾಲನ್ನು ಕೊಕ್ಕೆಗೆ ನೇತುಹಾಕಿ, ಉಳಿದದ್ದನ್ನು ಗಾಡಿಗೇರಿಸಿ ಹೊರಡುವ ಹೊತ್ತಿಗೆ ಒಳಗಿನಿಂದ ಬಿರಬಿರನೆ ಬಂದು ಗಾಡಿಯ ಕಿಟಕಿಯಲ್ಲಿ ಒಂದು ಲಕೋಟೆ ಚಾಚಿದಳು. ಮೇಲೆ ಮಾವಿಸಳ ಹೆಸರಿತ್ತು.

"ಬಾ ಅಂತ ಬರೆದ್ಯಾ?"

"ಮಕ್ಕಳ ಹಾಸಿಗೆ ತರೋದು ಬೇಡ, ಇಲ್ಲಿ ಉಣ್ಣೆ ಬೇಕಾದಷ್ಟಿದೆ ಅಂತ ಬರೆದೆ. ಇವತ್ತೇ ಅಂಚೆಗೆ ಹಾಕು."

ಲೆಸ್ಟರ್ ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಕೈಯಾದರೂ ತೊಳ್ಕೊಂಡು ಬರೀಬಾರ್ದಿತ್ತೇ? ಎಲ್ಲಾ ಕಡೆ ರಕ್ತ."

"ಕೈ ತೊಳೀತಾ ನಿಂತ್ರೆ ಮತ್ತೆ ಎಷ್ಟು ಬಾಯಿ ಅಂತ ಲೆಕ್ಕ ಹಾಕೋಕೆ ಶುರು ಮಾಡ್ತೀನಿ," ಎಂದಳು ಎನಿಡ್. "ನೀನು ಮೊದ್ಲು ಹೊರಡು."