ಚೀಟಿ ಇಲ್ಲದ ಡಬ್ಬಿಗಳು

"ತಡಿಯೇ, ಅವಸರ ಮಾಡಬೇಡ," ಎಂದು ಅತ್ತೆ ಕಣ್ಣು ಮುಚ್ಚಿ, ಮಣಿಯನ್ನು ಎರಡು ಬೆರಳ ನಡುವೆ ಹೊರಳಿಸತೊಡಗಿದರು. ಸೊಸೆಯ ಮಡಿಲಲ್ಲಿ ಅರ್ಧ ಪೋಣಿಸಿದ ಸರ, ಸುತ್ತ ಚೀಟಿಯೇ ಇಲ್ಲದ ಮಣಿಡಬ್ಬಿಗಳು. ಸಾಸಿವೆಗಿಂತ ಸಣ್ಣ ಮಣಿಯ ಗಾತ್ರದ ನಂಬರನ್ನೂ ಮುಟ್ಟಿಯೇ ಹೇಳುತ್ತಿದ್ದ ಅತ್ತೆ, "ನನ್ನ ಬೆರಳಿರುವಾಗ ಚೀಟಿ ಯಾಕೆ?" ಎಂದು ಬಡಾಯಿ ಕೊಚ್ಚುತ್ತಿದ್ದರು. ಲಕ್ವ ಹೊಡೆದ ಮೇಲೆ ಡಬ್ಬಿಗಳ ಮುಂದೆ ಕೂತದ್ದು ಇವತ್ತೇ ಮೊದಲು.

ಮಣಿ ಜಾರಿ ಚಾಪೆಗೆ ಬಿತ್ತು. ಬೆರಳು ಮಾತ್ರ ನಿಲ್ಲಲಿಲ್ಲ. ಬರಿಬೆರಳನ್ನೇ ಉಜ್ಜಿ ಉಜ್ಜಿ, ಅತ್ತೆ ಮುಖವರಳಿಸಿದರು. "ಹನ್ನೊಂದನೇ ನಂಬರು! ನೋಡಿದ್ಯಾ, ಬೆರಳು ಮರೆತಿಲ್ಲ."

ಅವರು ಕಣ್ಣು ಬಿಡುವಷ್ಟರಲ್ಲಿ ಸೊಸೆ ಚಾಪೆಯ ಮೇಲಿನ ಮಣಿಯನ್ನು ಅಂಗೈಯಿಂದ ಮುಚ್ಚಿದಳು. "ಹೂಂ ಅತ್ತೆ, ಸರಿಯಾಗೇ ಹೇಳಿದ್ರಿ," ಎಂದಳು.

ಅತ್ತೆ ಕೈ ಚಾಚಿದರು. "ಹಾಗಾದ್ರೆ ಇನ್ನೊಂದು ಕೊಡು."